ಗಂಟಲು ದಾಟಿದ ಮೇಲಿನ ರುಚಿ

ಸತ್ವಾ, ದುಬೈ
9 ನವೆಂಬರ್ 2024

ಪ್ರೀತಿಯ ಎಲ್ಸಿ ಬಾಯಿಗೆ ಧರ್ಮಪಾಲನ ನಮಸ್ಕಾರ.

ಕ್ಷೇಮವೇ ಎಂದು ಕೇಳುವುದಿಲ್ಲ. ಮೊಣಗಂಟಿನ ಆಪರೇಶನ್ ಆದವರು, ಸಕ್ಕರೆ ಕಾಯಿಲೆಯವರು, ಒಂದೇ ಹೊತ್ತು ಗಂಜಿ ಕುಡಿದು ಉಪವಾಸ ಹಿಡಿದಿದ್ದೀರಿ ಎಂದು ಮಗಳು ವೆನಿಶಾ ಹೇಳಿದಳು. ಹಾಗಿರುವಾಗ ಆ ಪ್ರಶ್ನೆಗೆ ಶಾಯಿ ಹಾಳು ಮಾಡುವುದೇಕೆ?

ಕಳೆದ ವಾರ ಫೋನಿನಲ್ಲಿ ನೀವು ಕೇಳಿದ್ದು ಒಂದೇ ಮಾತು. "ಧರ್ಮಣ್ಣ, ನಮ್ಮವರು ಕೊನೆಗೆ ಕುಡಿದರಾ ಇಲ್ಲವಾ, ಅಷ್ಟು ಹೇಳಿ." ನಾನು ಡಾಕ್ಟರರಿಂದ ಶುರು ಮಾಡಿ, ಅಬುಧಾಬಿಯ ಟ್ರಾಫಿಕ್ಕಿಗೆ ಹೋಗಿ, ಊರಿನ ಮಳೆಯ ತನಕ ಬಂದೆ. "ನಿಮ್ಮದು ಮಾರಾಟದ ಬಾಯಿ, ನನಗೆ ಬೇಡ" ಎಂದು ಫೋನ್ ಇಟ್ಟುಬಿಟ್ಟಿರಿ. ಬೈದದ್ದು ನ್ಯಾಯವೇ. ಬಾಯಿಯಿಂದಲೇ ಬದುಕಿದವನು ನಾನು. ಆದ್ದರಿಂದ ಕಾಗದ. ಬರೆಯುವಾಗ ನನಗೆ ಅಷ್ಟು ವೇಗವಾಗಿ ಸುಳ್ಳು ಹೊಳೆಯುವುದಿಲ್ಲ.

ಇದನ್ನು ತರುತ್ತಿರುವವರು ಭಟ್ಕಳದ ಅಬ್ದುಲ್ ಬಾರಿ ಸಾಹೇಬರು, ನನ್ನ ಮನೆಯ ಪಕ್ಕದ ಅಂಗಡಿಯವರು. ಮಂಗಳೂರಿನಲ್ಲಿ ಇಳಿದು, ಊರಿಗೆ ಹೋಗುವ ದಾರಿಯಲ್ಲಿ ಶಿರ್ವಕ್ಕೂ ಬಂದು ನಿಮ್ಮ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಐದು ಹೊತ್ತು ನಮಾಜಿನ ಮನುಷ್ಯ. ಲಕೋಟೆಯ ತುಂಬ ವಿಸ್ಕಿಯ ವಿಷಯವೇ ಇದೆಯೆಂದು ಅವರಿಗೆ ಹೇಳಿಲ್ಲ. ದಯವಿಟ್ಟು ಚಾ ಕೊಟ್ಟು ಕಳಿಸಿ.

ನಿಮ್ಮ ಗಂಡನ ಕೆಲಸವೇನೆಂದು ನಿಮಗೆ ಗೊತ್ತು. ಹೇಗೆ ಮಾಡುತ್ತಿದ್ದನೆಂದು ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ಆ ಮಾತೆತ್ತಲು ನೀವು ಬಿಡುತ್ತಿರಲಿಲ್ಲ. ಕಂಪೆನಿ ವಿಸ್ಕಿಯ ಬಾಟಲಿ ತರಿಸುತ್ತಿತ್ತು, ಹೋಟೆಲುಗಳಲ್ಲಿ ನಾವಿಬ್ಬರು ಅದರ ರುಚಿ ಕಲಿಸುತ್ತಿದ್ದೆವು. ಮೂಗು ಪೊರ್ಬುವಿನದು, ಬಾಯಿ ನನ್ನದು. (ನಿಮ್ಮವರನ್ನೆಲ್ಲ ನಾವು ಕರೆಯುವ ಹಾಗೆ ನನಗೆ ಅವನು ಪೊರ್ಬು. ಲಿಯೊನೆಲ್ ಎಂದು ಕರೆದದ್ದು ಆಸ್ಪತ್ರೆಯ ಅರ್ಜಿಗಳಲ್ಲಿ ಮಾತ್ರ.) ಅವನು ಗ್ಲಾಸಿನೊಳಗೆ ಮೂಗು ಇಟ್ಟು ತುಳುವಿನಲ್ಲಿ ಮೆಲ್ಲಗೆ ಹೇಳುವುದು: ಗೇರುಹಣ್ಣು, ಒಣಶುಂಠಿ, ಹಂಡೆಯಲ್ಲಿ ಕಾದ ನೀರು. ನಾನು ಅದನ್ನು ಸೂಟು ಹಾಕಿದವರಿಗೆ ಇಂಗ್ಲಿಷಿನಲ್ಲಿ ಬಡಿಸುವುದು. ಗೇರುಹಣ್ಣಿಗೆ ನಾನು ಇಂಗ್ಲಿಷಿನ ಪೇರ್ ಹಣ್ಣೆಂದು ಹೇಳುತ್ತಿದ್ದೆ. ಯಾರೂ ಜಗಳಕ್ಕೆ ಬರಲಿಲ್ಲ.

ಅವನಿಗೆ ಪ್ರಾಣ ಐರ್ಲೆಂಡಿನ ಪಾಟ್ ಸ್ಟಿಲ್ ವಿಸ್ಕಿ. ಬೇರೆಯವರು ಮೊಳಕೆ ಬರಿಸಿದ ಬಾರ್ಲಿಯನ್ನಷ್ಟೇ ಹಾಕಿದರೆ ಇವರು ಅದರ ಜೊತೆಗೆ ಹಸಿ ಬಾರ್ಲಿಯನ್ನೂ ಬೆರೆಸುತ್ತಾರೆ. ಹಿಂದೆ ಸರಕಾರ ಮೊಳಕೆ ಕಾಳಿಗೆ ತೆರಿಗೆ ಹಾಕಿತು, ಅದನ್ನು ಉಳಿಸಲು ಇವರು ಹಸಿ ಕಾಳು ಹೆಚ್ಚಿಸಿದರು ಎಂದು ಹೇಳುವ ರೂಢಿ. ಆ ಕಥೆ ನನಗೆ ಬಹಳ ಇಷ್ಟ. ಅಲ್ಲಿನವರು ನಮ್ಮ ಜನರೇ ಎಂದು ಅನಿಸುತ್ತದೆ. ತಾಮ್ರದ ದೊಡ್ಡ ಹಂಡೆಯಲ್ಲಿ ಸಾಮಾನ್ಯವಾಗಿ ಮೂರು ಸಲ ಭಟ್ಟಿ ಇಳಿಸುತ್ತಾರೆ. ಹಸಿ ಕಾಳಿನಿಂದ ಅದಕ್ಕೆ ಒಂದು ಖಾರ, ನಾಲಿಗೆಗೆ ಎಣ್ಣೆಯ ಹಾಗೆ ಅಂಟುವ ಒಂದು ದಪ್ಪ. ಎಲ್ಲರಿಗೂ ಅದು ಹಿಡಿಸುವುದಿಲ್ಲ. ಹಾಗಾಗಿ ಉದ್ದ ಕೊಳವೆಯ ಭಟ್ಟಿಯಲ್ಲಿ ಇಳಿಸಿದ ತೆಳು ಧಾನ್ಯದ ವಿಸ್ಕಿಯನ್ನು ಸೇರಿಸಿ ಬ್ಲೆಂಡ್ ಮಾಡುತ್ತಾರೆ. ಒಂದು ಕಾಲದಲ್ಲಿ ಅಲ್ಲಿಯ ಭಟ್ಟಿಗಳು ಸಾಲಾಗಿ ಬಾಗಿಲು ಹಾಕಿದಾಗ ಆ ಖಾರ ಪೂರ್ತಿ ಅಳಿಯದೆ ಉಳಿದದ್ದರಲ್ಲಿ ಈ ಮಿಶ್ರಣದ ಪಾಲೂ ಇದೆ. ಕಂಪೆನಿಯಲ್ಲಿ ನಮ್ಮನ್ನು ತಮಾಷೆ ಮಾಡುತ್ತಿದ್ದರು: ಪೊರ್ಬು ಪಾಟ್ ಸ್ಟಿಲ್, ಧರ್ಮಪಾಲ ಧಾನ್ಯ. ನಿಜವೇ. ಅವನ ಮೇಲೆ ನೀರಿನ ಹಾಗೆ ಹರಡಿಕೊಂಡು ಅವನನ್ನು ಮಾರಾಟ ಮಾಡಿದವನು ನಾನು.

ಈಗ ಹರಕೆಯ ವಿಷಯ. ವೆನಿಶಾಳಿಗೆ ಮೂರು ವರ್ಷವಿರುವಾಗ ಮಿದುಳು ಜ್ವರ ಬಂದು ಡಾಕ್ಟರರು ಕೈಚೆಲ್ಲಿದ್ದು, ಇವನು ಅತ್ತೂರಿನ ಇಗರ್ಜಿಗೆ ಓಡಿ, ಮಗು ಬದುಕಿದರೆ ಇನ್ನು ನನ್ನ ಗಂಟಲಲ್ಲಿ ಒಂದು ಹನಿ ಇಳಿಯುವುದಿಲ್ಲ ಎಂದದ್ದು, ಇದೆಲ್ಲ ನಿಮ್ಮ ಎದುರಿಗೇ ನಡೆದದ್ದು. ನಾನು ಕಂಡದ್ದು ಆ ಮೇಲಿನದು. ಅವನು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಹೊರಳಿಸಿ, ಉಗುಳುತ್ತಿದ್ದ. ಪ್ರತಿ ಸಲ, ದೇವರಾಣೆ. ಆಮೇಲೆ ನೀರಿನಲ್ಲಿ ಬಾಯಿ ತೊಳೆಯುವುದು. ಎದುರಿಗೆ ಅರಬರ ಶೇಖನೇ ಕುಳಿತಿರಲಿ, ಬಿಳಿ ಚರ್ಮದ ಸಾಹೇಬನೇ ಕುಳಿತಿರಲಿ, ಉಗುಳುವ ಪಾತ್ರೆ ಇಲ್ಲದೆ ಅವನು ಗ್ಲಾಸು ಮುಟ್ಟಿದವನಲ್ಲ.

ಆದರೆ ಎಲ್ಸಿ ಬಾಯಿ, ಈ ವಿಸ್ಕಿಯ ಅರ್ಧ ಗುಣ ತಿಳಿಯುವುದೇ ನುಂಗಿದ ಮೇಲೆ. ಗಂಟಲು ದಾಟಿದ ನಂತರ ಎದೆಯಿಂದ ಮೂಗಿಗೆ ಹಿಂದೆ ಬರುವ ಒಂದು ರುಚಿ ಇದೆ. ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅದರ ಆರಂಭ ಬಲ್ಲವನಿಗೆ ಅದರ ಕೊನೆ ಗೊತ್ತಿರಲಿಲ್ಲ. ನಾನು ನುಂಗುವುದನ್ನು ಕಾಯುತ್ತಿದ್ದ. "ಹೇಗುಂಟು ಧರ್ಮ, ಕೊನೆಗೆ ಎಂತ ಬರ್ತದೆ?" "ಲವಂಗ ಪೊರ್ಬು." "ಮತ್ತೆ?" "ಮತ್ತೆ ಎಂತ, ಲವಂಗ." ನನ್ನ ನಾಲಿಗೆಯ ಯೋಗ್ಯತೆ ಅಷ್ಟೇ. ಅವನು ತಲೆಯಾಡಿಸಿ ಅದನ್ನೇ ಕಲಿಸುವುದು.

ಸೆಪ್ಟೆಂಬರಿನಲ್ಲಿ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಬುಧಾಬಿಯ ಖಲೀಫಾ ಸಿಟಿಯ ವೆನಿಶಾಳ ಮನೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ಅಳಿಯ ಸಮುದ್ರದ ರಿಗ್ಗಿನಲ್ಲಿ. ನೀವು ಕಾಲಿನ ಆಪರೇಶನ್ ಆಗಿ ಅಲ್ಲಿ. ಆಗ ವಿಮಾನ ಹತ್ತಬಾರದೆಂದು ಡಾಕ್ಟರರು ನಿಮ್ಮನ್ನು ತಡೆದದ್ದು ಅವನಿಗೆ ಗೊತ್ತಿತ್ತು. ಒಂದು ದಿನವೂ ಅದಕ್ಕೆ ಬೇಸರಿಸಲಿಲ್ಲ, ಎಲ್ಸಿ ನಡೆಯುವ ಹಾಗಾಗಲಿ ಎಂದೇ ಹೇಳುತ್ತಿದ್ದ. ಇದನ್ನು ನಾನು ಸಮಾಧಾನಕ್ಕಾಗಿ ಸೇರಿಸಿದ್ದಲ್ಲ.

ನಿಮ್ಮ ಪ್ರಶ್ನೆಗೆ ಇಲ್ಲ ಎಂದು ಎರಡಕ್ಷರ ಬರೆದರೆ ನೀವು ಮುಂದಿನ ವಿಮಾನಕ್ಕೇ ಬರುತ್ತೀರಿ. ವೆನಿಶಾಳ ಬಾಣಂತನ ಆಗುತ್ತದೆ, ಎಲ್ಲರೂ ಸುಖ. ನನ್ನ ಜನ್ಮದಲ್ಲಿ ಇಷ್ಟು ಸುಲಭದ ವ್ಯಾಪಾರ ಎದುರಿಗೆ ಬಂದದ್ದಿಲ್ಲ. ಬಿಡುತ್ತಿದ್ದೇನೆ.

ಕುಡಿದ, ಎಲ್ಸಿ ಬಾಯಿ. ಮಧ್ಯಾಹ್ನದ ಹೊತ್ತು ನನ್ನನ್ನು ಕರೆದು, ನಾವು ಕಲಿಸುತ್ತಿದ್ದ ಆ ಐರಿಶ್ ಬ್ಲೆಂಡ್ ತೆಗೆದುಕೊಂಡು ಬಾ ಎಂದ. ಮೂಸಲಿಕ್ಕಿರಬೇಕೆಂದುಕೊಂಡು ತಂದೆ. ಗ್ಲಾಸಿಗೆ ಸುರಿದೆ. ಬಹಳ ಹೊತ್ತು ಮೂಸಿದ. ನಾನು ಉಗುಳುವ ಪಾತ್ರೆ ಹಿಡಿದರೆ ಕೈಯಿಂದ ದೂಡಿದ. "ನಂಗೆ ಇದರ ಕೊನೆ ನೋಡ್ಬೇಕು ಮಾರಾಯ." ಒಂದು ಚಮಚ ನಾನೇ ಬಾಯಿಗೆ ಹಾಕಿದೆ. ನುಂಗಿದ. ಕಣ್ಣು ಮುಚ್ಚಿದವನು ತೆರೆಯದಿದ್ದಾಗ ಪೊರ್ಬು ಎಂದು ಕರೆದೆ. ಆಮೇಲೆ ಹೇಳಿದ: "ಇಷ್ಟು ವರ್ಷ ಲವಂಗ ಲವಂಗ ಅಂತ ಎಂತ ಬೊಗಳಿದ್ದು ನೀನು? ಇದು ಮುಗಿಯುವುದೇ ಇಲ್ಲ. ಹೋಗ್ತಾ ಉಂಟು, ಹೋಗ್ತಾನೇ ಉಂಟು." ನಗುತ್ತಿದ್ದ. ಅವನ ಮುಖದಲ್ಲಿ ಆ ತಿಂಗಳು ನಾನು ಕಂಡ ನಗು ಅದೊಂದೇ. ಸಂಜೆ ನೋಡಲು ಬಂದ ನಿಮ್ಮ ಮೈದುನ ರುಡೊಲ್ಫ್ ಆ ಗ್ಲಾಸು ಮೂಸಿ ನೋಡಿ, ಅಲ್ಲೇ ಇಟ್ಟು ಹೋದ. ಪೊರ್ಬು ತೀರಿಕೊಂಡು ತಿಂಗಳಾದ ಪೂಜೆಯ ದಿನ ಶಿರ್ವದಲ್ಲಿ ಅದನ್ನು ಹೇಳಿದವನು ಅವನೇ ಎಂದು ಗೊತ್ತಾಯಿತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಂಡದ್ದನ್ನು ಹೇಳಿದ. ಕಾಣದ್ದು ಅವನಿಗೆ ಗೊತ್ತಿಲ್ಲ.

ಹರಕೆ ಮುರಿದದ್ದು ಮಗಳ ಹೆರಿಗೆಯ ಮೇಲೆ ಬರುತ್ತದೆ ಎಂದು ನೀವು ಹೆದರಿದ್ದೀರಿ. ಮಗು ಕೈಗೆ ಬರುವವರೆಗೆ ಶಿರ್ವ ಬಿಟ್ಟು ಕದಲುವುದಿಲ್ಲ, ಪ್ರಾರ್ಥನೆಯಿಂದಲೇ ಅದನ್ನು ತಡೆಯುತ್ತೇನೆ ಎನ್ನುತ್ತೀರಿ. ದೇವರ ವಿಷಯದಲ್ಲಿ ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೆ ನಮ್ಮ ಕಡೆ ಒಂದು ಕ್ರಮ ಇದೆ. ತೀರಿಹೋದವನ ಹರಕೆ ಬಾಕಿ ಉಳಿದರೆ ಬದುಕಿರುವವರು ಅದನ್ನು ಹೊತ್ತು ತೀರಿಸುತ್ತಾರೆ. ಸಾಮಾನ್ಯವಾಗಿ ಮನೆಯವರು. ನಾನು ಮನೆಯವನಲ್ಲ, ನಿಮ್ಮ ಜಾತಿಯವನೂ ಅಲ್ಲ. ಆದರೂ ಅವನ ಹೆಣ ವಿಮಾನ ಹತ್ತಿದ ದಿನದಿಂದ ನಾನು ನುಂಗುತ್ತಿಲ್ಲ. ಇಲ್ಲಿಯ ಇಗರ್ಜಿಯ ಪಾದ್ರಿಯವರನ್ನು ಕೇಳಿದೆ. "ಹಾಗೆಲ್ಲ ವರ್ಗಾವಣೆ ಮಾಡ್ಲಿಕ್ಕೆ ಇದು ವೀಸಾ ಅಲ್ಲ ಧರ್ಮಪಾಲ" ಎಂದರು. ಆಮೇಲೆ ಬೆನ್ನು ತಟ್ಟಿದರು. ಎರಡರಲ್ಲಿ ಯಾವುದು ಅವರ ಉತ್ತರವೋ ತಿಳಿಯಲಿಲ್ಲ. ನಾನು ಬೆನ್ನು ತಟ್ಟಿದ್ದನ್ನೇ ಜಮೆಗೆ ಹಿಡಿದಿದ್ದೇನೆ. ಮೂಗಿಲ್ಲದ ಬಾಯಿ ಈಗ ನುಂಗುವುದೂ ಇಲ್ಲ ಎಂದ ಮೇಲೆ ಕಂಪೆನಿ ನನ್ನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೋ ನೋಡೋಣ.

ಸಿಟ್ಟಿದ್ದರೆ ಸುರಿದವನ ಮೇಲಿರಲಿ, ಅಂದರೆ ನನ್ನ ಮೇಲೆ. ವೆನಿಶಾಳಿಗೆ ಎಂಟು ತಿಂಗಳು ತುಂಬಿದೆ. ಕಾಲು ಬಾತಿದೆ. ಮನೆಯಲ್ಲಿ ಒಬ್ಬಳೇ ಆ ಕಿಟಕಿಯ ಮಂಚದ ಮೇಲೆ ಕೂರುತ್ತಾಳೆ. ಮಂಚ ತೆಗೆಸುತ್ತೇನೆಂದರೆ ಬೇಡ ಎನ್ನುತ್ತಾಳೆ. ಬನ್ನಿ.

ಪೊರ್ಬುವಿನ ಗೆಳೆಯ, ನಿಮ್ಮ
ಧರ್ಮಪಾಲ

ಮತ್ತೆ: ಲಕೋಟೆ ಅಂಟಿಸಿ ಇಟ್ಟವನು ಪುನಃ ಬಿಚ್ಚಿದೆ. ಮೇಲೆ ಒಂದು ಸುಳ್ಳು ಉಳಿದಿದೆ. ಕಾಗದದಲ್ಲಿಯೂ ನನಗೆ ಸುಳ್ಳು ಬರುತ್ತದೆ, ಸ್ವಲ್ಪ ತಡವಾಗಿ, ಅಷ್ಟೇ. ಅವನು ಪಾತ್ರೆ ದೂಡಿದಾಗ ನಾನು, ಆಗುವುದಿಲ್ಲ ಪೊರ್ಬು ಎಂದು ಹೊರಗೆ ಹೋದೆ. ಚಮಚ ತೆಗೆದುಕೊಂಡವಳು ವೆನಿಶಾ. "ಅಂಕಲ್, ಹರಕೆ ನನ್ನ ಜೀವಕ್ಕಲ್ವಾ? ಹಾಗಾದ್ರೆ ಇನ್ನು ಹರಕೆ ಸಾಕು ಡ್ಯಾಡಿ ಅಂತ ಹೇಳುವವಳು ನಾನೇ" ಎಂದಳು. ಅಪ್ಪನ ತಲೆ ಎತ್ತಿ ಹಿಡಿದು ಅವಳೇ ಕುಡಿಸಿದಳು. ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮನಿಗೆ ಗೊತ್ತಾದರೆ ನನ್ನ ಮುಖ ನೋಡುವುದಿಲ್ಲ, ಅಂಕಲ್, ನೀವೇ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಿ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅಂದಿನಿಂದ ಅವಳಿಗೆ ಸರಿಯಾಗಿ ನಿದ್ರೆಯಿಲ್ಲ. ಅವಳು ನಿಮ್ಮನ್ನು ಕರೆಯುತ್ತಿರುವುದು ಬರೀ ಬಾಣಂತನಕ್ಕಲ್ಲ. ಬಂದ ದಿನವೋ, ನಾಲ್ಕು ದಿನ ಬಿಟ್ಟೋ, ಅವಳು ಇದನ್ನು ನಿಮಗೆ ಹೇಳಲು ಕೂರುತ್ತಾಳೆ. ಆಗ ಈ ಕಾಗದ ಓದದವರ ಹಾಗೆ ಕೇಳಿ.