ಅಂದಿಜ್ ಬೇರು, ಖಾಲಿ ಜಾಡಿ

ಆಗಸ್ಟ್ 9, 1996. ಶುಕ್ರವಾರ, ಬೆಳಿಗ್ಗೆ ಆರೂವರೆ

ನೀರು ಬಿಟ್ಟಾಯಿತು. ಮೂರನೇ ವರ್ಷದ ಪಾತಿಯಲ್ಲಿ ಅಂದಿಜ್ ಗಿಡ ನನ್ನ ತಲೆ ದಾಟಿ ನಿಂತಿದೆ. ಈ ಸಲ ಹೂವಿಗೆ ಲಂಗುಲಗಾಮಿಲ್ಲ. ಸೂರ್ಯಕಾಂತಿಯ ಬಡ ತಂಗಿಯರ ಹಾಗೆ, ತಲೆ ಕೆದರಿಕೊಂಡು. ಹೂವಿಗೆ ಕೈ ಹಚ್ಚುವುದಿಲ್ಲ. ಬೇಕಾದ್ದು ಕೆಳಗಿದೆ. ಮೊದಲ ವರ್ಷದ ಬೇರು ಬರೀ ನೀರು. ಎರಡನೇ ವರ್ಷದ್ದು ಬರೀ ಆಸೆ. ಮೂರನೇ ವರ್ಷ, ಬೀಜ ಉದುರಿ, ಹಿಮ ಬೀಳುವ ಮುಂಚೆ ಅಗೆದರೆ ಮಾತ್ರ ಔಷಧಿ. ಸರ್ಕಾರಿ ಮೂಲಿಕೆ ತೋಟದಲ್ಲಿ ಇಪ್ಪತ್ತೆರಡು ವರ್ಷ ಮೇಸ್ತ್ರಿಯಾಗಿ ಇದನ್ನೇ ಕೂಗಿದೆ. ಯಾರೂ ಕೇಳಲಿಲ್ಲ. ಈಗ ತೋಟವೇ ಇಲ್ಲ.

ಹಳೇ ಬೇರು ಎರಡು ಹಿಡಿ ಉಳಿದಿದೆ. ಇಂದು ಒಂದು ಹಿಡಿ ಸರೋವರದಾಚೆಯ ಕಾಲಿಪಾಗೆ, ಅವಳ ಕೆಮ್ಮಿಗೆ.

ಸಂಜೆ

ಡ್ರೈವರ್ ಶಾರ್ಶೆನ್ ಬಸ್ಸು ತಂದ. ಹೋದ ವಾರ ಕಳಿಸಿದ್ದ ಜಾಡಿ ವಾಪಸ್. ಒಳಗೆ ಒಣ ಏಪ್ರಿಕಾಟ್. ಅದರ ಹಿಂದಿನ ಸಲ ಮೊಸರುಂಡೆ. ಅದಕ್ಕೂ ಮೊದಲು ಜಾಮ್. ತುಂಬಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವವರು ನಮ್ಮಲ್ಲಿಲ್ಲ. ಎಂಥ ಜಗಳಗಂಟನೂ ಒಂದು ಹಿಡಿ ಉಪ್ಪಾದರೂ ಹಾಕಿ ಕಳಿಸುತ್ತಾನೆ.

ಅಕ್ಕ ನುರಿಪಾ ಬೇಲಿಯಾಚೆಯಿಂದಲೇ ಶುರು ಮಾಡಿದಳು. "ಏನೋ ಮುಕಾಯ್, ಸರೋವರದಾಚೆಯಿಂದ ಬಂತಾ ಪ್ರಸಾದ? ಅರವತ್ಮೂರು ವರ್ಷಕ್ಕೆ ಹಲ್ಲು ಉದುರುತ್ತೆ ಅಂತಾರೆ, ನಿನಗೆ ಮೊಳೀತಾ ಇದೆಯಲ್ಲೋ!"

"ಕೆಮ್ಮಿಗೆ ಬೇರು ಕಳಿಸ್ತೀನಿ. ಅಷ್ಟೇ."

"ಅಷ್ಟೇನಾ? ನನಗೂ ಕೆಮ್ಮಿದೆ. ಒಂದು ದಿನ ಒಂದು ಚೂರು ಬೇರು ಕೊಟ್ಟಿದ್ದೀಯಾ?"

ಏಪ್ರಿಕಾಟ್ ಕೊಟ್ಟೆ. ಬಾಯಿ ಮುಚ್ಚಿದಳು.

ಆಗಸ್ಟ್ 27

ಗಾಳಿಯಿಲ್ಲ. ಇಸಿಕ್‌ಕುಲ್ ಸರೋವರ ಕನ್ನಡಿ. ಆಚೆ ದಡದ ಬೆಟ್ಟ ಹತ್ತಿರ ಬಂದಂತಿದೆ. ಎಡಗಡೆಯ ಮೂರನೇ ಶಿಖರದ ಕೆಳಗೆ ಕಾಲಿಪಾಳ ಊರು. ತೋಟ ಮುಚ್ಚಿದ ವರ್ಷ ಮಗನ ಜೊತೆ ಅಲ್ಲಿಗೆ ಹೋದಳು. ಗಂಡ ತೀರಿ ಆಗಲೇ ಒಂಬತ್ತು ವರ್ಷ. ನನ್ನವಳು ಹೋಗಿ ಆರು.

ಹನ್ನೊಂದು ವರ್ಷ ತೋಟದ ಬೇರು ಒಣಗಿಸುವ ಮನೆಯಲ್ಲಿ ನನ್ನ ಕೈಕೆಳಗೆ ಇದ್ದಳು. ಆ ಧೂಳೇ ಎದೆಯಲ್ಲಿ ಉಳಿದಿದೆ. ಕಿಟಕಿ ಹಾಕಿಸಿ ಅಂತ ಆಗ ನಾನು ಮೇಲಿನವರಿಗೆ ಬರೆಯಬೇಕಿತ್ತು. ಬರೆಯಲಿಲ್ಲ.

ಮಧ್ಯಾಹ್ನ ಅವಳ ರೊಟ್ಟಿ ನೆನಪಾಯಿತು. ಮೊಸರಿನ ಹೆಪ್ಪಿನ ಹಾಗೆ ಉಳಿಸಿಕೊಂಡು ಬಂದ ಹುಳಿಹಿಟ್ಟು ಹಾಕಿ ನಾದಿದ್ದು. ತೋಟದ ಹುಡುಗಿಯರೆಲ್ಲ ಒಂದು ಮುಷ್ಟಿ ಹುಳಿಹಿಟ್ಟಿಗೆ ಗೋಗರೆಯುತ್ತಿದ್ದರು. "ರೊಟ್ಟಿ ಬೇಕಾದಷ್ಟು ತಿನ್ರೇ. ಹಿಟ್ಟು ಮಾತ್ರ ಕೇಳ್ಬೇಡಿ. ನಮ್ಮಮ್ಮನ ಮನೆಯಿಂದ ತಂದಿದ್ದು. ನಾನೆಲ್ಲಿ ಒಲೆ ಹಚ್ತೀನೋ ಅಲ್ಲಿಗೆ ಮಾತ್ರ ಅದು ಬರೋದು." ಸ್ವಂತ ಸೊಸೆಗೂ ಕೊಟ್ಟಿಲ್ಲವಂತೆ. ಹಟಮಾರಿ ಹೆಂಗಸು.

ಎಷ್ಟು ನೆನಪಾಗುತ್ತಾಳೆ ಅಂತ ಬರೆದರೆ ಈ ಪುಸ್ತಕ ಸಾಲದು.

ಸೆಪ್ಟೆಂಬರ್ 17. ಮಂಗಳವಾರ

ಒಳಕೋಣೆಗೆ ಒಲೆ ಹಾಕಿಸಿದೆ. ನುರಿಪಾ ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೇ ಭಯ.

ಕೊನೆಯ ಹಿಡಿ ಬೇರು ಜಾಡಿಗೆ. ಅಡಿಯಲ್ಲಿ ಚೀಟಿ. ಐದು ಸಲ ಬರೆದೆ, ನಾಲ್ಕು ಹರಿದೆ. ಉಳಿದದ್ದು ಇಷ್ಟು: "ಒಳಕೋಣೆಗೆ ಒಲೆ ಆಗಿದೆ. ಈ ವರ್ಷದ ಬೇರು ಹಿಮಕ್ಕೆ ಮುಂಚೆ ಅಗೆಯುತ್ತೇನೆ. ನೀನೂ ಹಿಮಕ್ಕೆ ಮುಂಚೆ ಬಾ." ಇಷ್ಟು ವರ್ಷ 'ನೀವು' ಅಂದವನು ಮೊದಲ ಸಲ 'ನೀನು' ಅಂತ ಬರೆದೆ. ಹಾಳಾದ್ದು, ಹದಿನೆಂಟರ ಹುಡುಗನ ಹಾಗೆ.

ಅವಳಿಗೂ ಗೊತ್ತು. ಬಾಯಿಬಿಟ್ಟು ಹೇಳುವುದು ಬೇಕಾಗಿಲ್ಲ. ಜಾಡಿಯಲ್ಲಿ ಏನು ಬಂದರೂ ನನಗೆ ಅರ್ಥವಾಗುತ್ತದೆ.

ಸೆಪ್ಟೆಂಬರ್ 24

ಜಾಡಿ ಇಲ್ಲ.

ಸೆಪ್ಟೆಂಬರ್ 27

ಇಲ್ಲ. ಕೇಳೋಣ ಅಂದರೆ ಫೋನೂ ಸತ್ತಿದೆ; ತಂತಿಯನ್ನು ತಾಮ್ರದಾಸೆಗೆ ಕದ್ದವರ ಕೈ ಸೇದಿಹೋಗಲಿ.

ಅಕ್ಟೋಬರ್ 4. ಶುಕ್ರವಾರ, ಸಂಜೆ

ಬಂತು. ಖಾಲಿ.

ತೊಳೆದು, ಒರೆಸಿ, ಬಿರಡೆ ಬಿಗಿದು — ಖಾಲಿ. ಒಂದು ಹರಳು ಉಪ್ಪೂ ಇಲ್ಲ. ಶಾರ್ಶೆನ್ ಜಾಡಿಯನ್ನು ಕೈಗೆ ತುರುಕಿ, ಮುಖ ಕೂಡ ನೋಡದೆ ಬಸ್ಸು ಹತ್ತಿದ. ಅವನಿಗೂ ಗೊತ್ತಾಗಿರಬೇಕು. ಉತ್ತರ ದಡಕ್ಕೆಲ್ಲ ಗೊತ್ತಾಗಿರಬೇಕು. ಮುದುಕನಿಗೆ ಬುದ್ಧಿ ಕಲಿಸಿದಳು ಅಂತ ನಗುತ್ತಿರಬೇಕು.

'ಬೇಡ' ಅಂದಿದ್ದರೆ ಸಾಕಿತ್ತು. ಏಪ್ರಿಕಾಟ್ ಹಾಕಿ ಕಳಿಸಿದ್ದರೂ ಅರ್ಥವಾಗುತ್ತಿತ್ತು… ನನ್ನನ್ನು ಇಷ್ಟು ಕೀಳಾಗಿ ಕಾಣಬೇಕೆ?

ಜಾಡಿಯನ್ನು ಕೊಟ್ಟಿಗೆಗೆ ಎಸೆದೆ. ಹುಲ್ಲಿನ ಮೇಲೆ ಬಿತ್ತು. ಒಡೆಯಲೂ ಇಲ್ಲ.

ಅಕ್ಟೋಬರ್ 13

ಬೀಜ ಉದುರಿ ಮುಗಿಯಿತು. ಅಗೆಯುವ ಕಾಲ. ಅಗೆಯುವುದಿಲ್ಲ.

ನುರಿಪಾ ಬಂದಳು. "ಅಗೆಯಲ್ವೇನೋ? ಮೂರು ವರ್ಷ ಕಾದಿದ್ದೀಯ."

"ಯಾರಿಗೆ ಅಂತ ಅಗೀಲಿ?"

"ಒಂದ್ಸಲ ಹೋಗಿ ಮುಖ ನೋಡಿ ಕೇಳು. ಏನಾಯ್ತೋ ಏನೋ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನೋ?"

"ನಾನು ಹೋಗಲ್ಲ. ಖಾಲಿ ಪಾತ್ರೆ ಕಳಿಸಿದ ಮನೆ ಹೊಸ್ತಿಲು ತುಳಿಯೋಕೆ ನಾನೇನು ನಾಯಿನಾ?"

ಹೋಗುತ್ತಾ ಹೇಳಿದಳು: "ಆ ಹೆಂಗಸಿನ ಎದೆಗೆ ಈ ಚಳಿಗಾಲ ಏನು ಗತಿ ಅಂತ ಯೋಚನೆ ಮಾಡು."

ಯೋಚನೆ ಮಾಡಲಿಲ್ಲ ಅಂತ ಬರೆಯಬಹುದು. ಸುಳ್ಳಾಗುತ್ತದೆ.

ಅಕ್ಟೋಬರ್ 29

ಹಿಮ.

ಜನವರಿ 14, 1997

ಸಂತೆಯಲ್ಲಿ ಯಾರೋ ಹೆಂಗಸು ಕೆಮ್ಮಿದಳು. ಅದೇ ಥರ — ಎರಡು ಗಿಡ್ಡ, ಒಂದು ಉದ್ದ. ತಿರುಗಿ ನೋಡಿದೆ. ಬೇರೆ ಯಾರೋ. ಮಾಂಸ ಕೊಳ್ಳುವುದನ್ನೇ ಮರೆತು ಬಂದೆ.

ಒಳಕೋಣೆಯ ಒಲೆಯನ್ನು ಒಂದು ದಿನವೂ ಹಚ್ಚಿಲ್ಲ.

ಮಾರ್ಚ್ 21. ನೂರೂಜ್, ವಸಂತದ ಹಬ್ಬ

ಏನು ಬರೆಯಲಿ.

ಹಬ್ಬದ ಕಡಾಯಿ ಸುತ್ತ ಊರೆಲ್ಲ ಇತ್ತು. ಮೊಳಕೆ ಗೋಧಿಯ ಗಂಜಿ ಇಳಿಸಿಯಾಗಿತ್ತು. ಈ ದಿನ ಮನಸ್ಸಿನಲ್ಲಿ ಕಸ ಇಟ್ಟುಕೊಂಡು ಆ ಗಂಜಿ ಕುಡಿಯಬಾರದು. ಜಗಳ ಆಡಿದವರು ಕೈ ಹಿಡಿಯುತ್ತಾರೆ, ತಪ್ಪು ಮಾಡಿದವರು ಹೇಳಿಕೊಳ್ಳುತ್ತಾರೆ. ಶಾರ್ಶೆನ್ ಬಟ್ಟಲು ಹಿಡಿದು ನನ್ನೆದುರು ಬಂದು ನಿಂತ. ಕುಡಿಯಲಿಲ್ಲ.

"ಮುಕಾಯಣ್ಣ, ನಿಮ್ಮ ಜಾಡಿ ಒಡೆದಿದ್ದು ನಾನು."

"ಯಾವ ಜಾಡಿ?"

"ಅಕ್ಟೋಬರಲ್ಲಿ ಕಾಲಿಪಾ ಅಕ್ಕ ಕೊಟ್ಟಿದ್ದು. ಬಾಯಿಗೆ ಬಟ್ಟೆ ಕಟ್ಟಿದ್ರು. ಬಿರಡೆ ಹಾಕ್ಬೇಡ, ಅದಕ್ಕೆ ಉಸಿರು ಬೇಕು ಅಂದಿದ್ರು. ದಾರೀಲಿ ಚೆಲ್ಲುತ್ತೆ ಅಂತ ನಾನೇ ಬಿರಡೆ ಬಿಗಿದು, ಇಂಜಿನ್ ಪಕ್ಕ ಬೆಚ್ಚಗಿರಲಿ ಅಂತ ಇಟ್ಟೆ. ಅರ್ಧ ದಾರೀಲಿ ಢಂ ಅಂತು. ಸೀಟೆಲ್ಲ ಅಂಟು ಅಂಟು…"

"ಒಳಗೆ ಏನಿತ್ತೋ?"

"ಅದೇ… ಹಿಟ್ಟು. ಹುಳಿ ಹಿಟ್ಟು. ಉಬ್ಬಿತ್ತು. ಅದೇನು ಮಹಾ ಅಂದ್ಕೊಂಡೆ ಅಣ್ಣ. ಮನೇಲಿದ್ದ ಅಂಥದೇ ಜಾಡಿ ತೊಳೆದು ನಿಮಗೆ ಕೊಟ್ಟೆ. ಆಮೇಲೆ ಅಕ್ಕ ಕೇಳಿದ್ರು, ತಲುಪ್ತಾ ಅಂತ. ತಲುಪ್ತು ಅಂದ್ಬಿಟ್ಟೆ. ಪ್ರತಿ ಸಲ ಗೇಟಿಗೆ ಬರ್ತಿದ್ರು. ಹೊಸ ವರ್ಷ ಆದ್ಮೇಲೆ ಬರೋದು ಬಿಟ್ರು."

ಅವನಿಗೆ ಹೊಡೆಯಬೇಕಿತ್ತು. ಅವನನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಕೊಟ್ಟಿಗೆಗೆ ಹೋಗಿ ಹುಲ್ಲು ಕೆದರಿ ಜಾಡಿ ತೆಗೆದೆ. ನಮ್ಮ ಜಾಡಿಯ ತಳದಲ್ಲಿ ಹಸಿರು ಬಣ್ಣದ ಚುಕ್ಕೆ ಇತ್ತು, ಕಿಟಕಿಗೆ ಬಳಿಯುವಾಗ ಬಿದ್ದದ್ದು. ಇದರಲ್ಲಿ ಇಲ್ಲ. ಒಂದು ಸಲ ತಿರುಗಿಸಿ ನೋಡಿದ್ದರೆ ಸಾಕಿತ್ತು. ಒಂದೇ ಸಲ.

ಹುಳಿಹಿಟ್ಟು ಕಳಿಸಿದ್ದಳು. ಅಮ್ಮನ ಮನೆಯದು. ಸೊಸೆಗೂ ಕೊಡದ್ದು. ತನಗಿಂತ ಮುಂಚೆ ಅದನ್ನು ನನ್ನ ಮನೆಗೆ ಕಳಿಸಿದ್ದಳು.

ಮಾರ್ಚ್ 22

ಅಗೆದೆ. ಚಿಗುರು ಒಡೆಯುವ ಮುಂಚೆ ಅಗೆದರೂ ಬೇರಿಗೆ ಶಕ್ತಿ ಇರುತ್ತದೆ. ತೋಟದಲ್ಲಿ ಅದನ್ನೂ ಕೂಗಿದ್ದೆ. ಮೇಲೆ ಒಂದು ಗೇಣು ಮಣ್ಣು ಇನ್ನೂ ಕಲ್ಲು. ಹಾರೆ ಬೇಕಾಯಿತು. ನುರಿಪಾ ತಾನಾಗಿ ಬಂದು ಬುಟ್ಟಿ ಹಿಡಿದಳು.

ಬೇರು ತೋಳು ದಪ್ಪ. ಮುರಿದಾಗ ಕರ್ಪೂರದಂಥ ಘಾಟು ಮೂಗಿಗೆ ಹೊಡೆಯಿತು. ಹೊಳೆ ನೀರಲ್ಲಿ ತೊಳೆದು, ಉದ್ದಕ್ಕೆ ಸೀಳಿ, ನೆರಳಿಗೆ ಹರವಿದೆ. ಒಣಗಲು ಹತ್ತು ದಿನವಾದರೂ ಬೇಕು. ಮಂಗಳವಾರದ ಬಸ್ಸಿಗೆ ಇರುವುದು ಮೂರೇ ದಿನ.

"ಅಂದಿಜ್ ಇದ್ದಲ್ಲಿ ಕುದುರೆ ಸಾಯಲ್ಲ ಅಂತಿದ್ರು ಅಪ್ಪ," ಅಂದಳು ನುರಿಪಾ.

"ಕುದುರೆ ಮಾತು ಬಿಡು. ಅವಳು ಹೇಗಿದ್ದಾಳೆ ಅಂತ ಶಾರ್ಶೆನ್‌ಗೂ ಗೊತ್ತಿಲ್ಲ."

ಮಾರ್ಚ್ 24

ಒಳಕೋಣೆಯ ಒಲೆ ಹಚ್ಚಿದೆ. ಹೊಗೆ ಸರಿಯಾಗಿ ಹೋಗುತ್ತದೆ.

ಮಾರ್ಚ್ 25. ಮಂಗಳವಾರ, ಮಧ್ಯಾಹ್ನ ಎರಡೂವರೆ

ಉತ್ತರ ದಡ. ಅವಳ ಗೇಟಿನ ಎದುರು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾಗುತ್ತಿಲ್ಲ.

ಇದ್ದಾಳೆ. ದೇವರು ದೊಡ್ಡವನು, ಇದ್ದಾಳೆ. ತುಂಬಾ ಸೊರಗಿದ್ದಾಳೆ. ಬಕೆಟ್ ಹಿಡಿದು ಹೊರಬಂದವಳು ನನ್ನನ್ನು ಕಂಡು ನಿಂತಳು. ಕೆಮ್ಮು ಬಂತು. ಎರಡು ಗಿಡ್ಡ, ಒಂದು ಉದ್ದ. ಮುಗಿಯುವ ತನಕ ಇಬ್ಬರೂ ಕಾದೆವು.

"ಬಂದ್ರಾ," ಅಂದಳು.

ಎಲ್ಲ ಹೇಳಿದೆ. ಬಿರಡೆ, ಇಂಜಿನ್, ಬೇರೆ ಜಾಡಿ, ಶಾರ್ಶೆನ್‌ನ ಸುಳ್ಳು. ಕೊನೆಗೆ ಕೇಳಿದಳು:

"ಅವನು ಹಿಟ್ಟು ಚೆಲ್ಲಿದ. ಸರಿ. ನೀವು ಖಾಲಿ ಜಾಡಿ ನೋಡಿ ಏನಂದ್ಕೊಂಡ್ರಿ? ಕಾಲಿಪಾ ಪಾತ್ರೆ ಖಾಲಿ ಕಳಿಸೋ ಹೆಂಗಸು ಅಂತಾನಾ?"

"ಅಂದ್ಕೊಂಡೆ."

"ಹನ್ನೊಂದು ವರ್ಷ ನೋಡಿದ್ದೀರಿ ನನ್ನ."

"ನೋಡಿದ್ದೀನಿ."

"ಒಂದು ಬಸ್ಸು ಹತ್ತೋಕೆ ಆಗ್ಲಿಲ್ಲ ನಿಮಗೆ. ಚಳಿಗಾಲ ಪೂರ್ತಿ ಆ ಬೆಟ್ಟ ನೋಡ್ತಾ ಕೂತಿದ್ದೆ ನಾನು. ಎಡಗಡೆಯಿಂದ ಎರಡನೇದು, ನಿಮ್ಮೂರ ಮೇಲಿನದು."

ಜಾಡಿ ಮುಂದೆ ಹಿಡಿದೆ. ಒಳಗೆ ಬೇರು, ಇನ್ನೂ ಹಸಿ. ಬಿರಡೆ ತೆಗೆದು ಮೂಸಿದಳು. ಕಣ್ಣು ಮುಚ್ಚಿದಳು.

"ಸರಿಯಾಗಿ ಒಣಗಿಲ್ಲ ಇದು, ಮೇಸ್ತ್ರಿ."

"ಅವಸರ ಆಯ್ತು."

"ಈಗ ಅವಸರ!" ಅಂದಳು. ನಕ್ಕಳೋ, ಕೆಮ್ಮಿದಳೋ. "ಕೂತಿರಿ. ಪಾತ್ರೆ ಕೊಡ್ತೀನಿ."

ಜಾಡಿ ತೆಗೆದುಕೊಂಡು ಒಳಗೆ ಹೋದಳು. ಅರ್ಧ ಗಂಟೆಯಾಯಿತು. ಒಳಗೆ ಸೊಸೆಯ ಧ್ವನಿ, ಏನೋ ವಾದ. ಇವಳ ಧ್ವನಿ ಒಂದೇ ಸಲ, ಗಟ್ಟಿಯಾಗಿ. ಆಮೇಲೆ ಏನೂ ಇಲ್ಲ. ಮೂರೂವರೆಗೆ ಬಸ್ಸು ತಿರುಗುತ್ತದೆ. ಶಾರ್ಶೆನ್ ರಸ್ತೆಯ ತಿರುವಿನಲ್ಲಿ ನಿಂತು ಇತ್ತ ನೋಡುತ್ತಿದ್ದಾನೆ, ಹಾರ್ನ್ ಮಾಡಲು ಧೈರ್ಯವಿಲ್ಲ.

ಏಪ್ರಿಕಾಟ್ ಹಾಕಿ ಕೊಟ್ಟರೆ ತಲೆ ಬಗ್ಗಿಸಿ ತೆಗೆದುಕೊಳ್ಳುತ್ತೇನೆ. ಬಸ್ಸು ಹತ್ತುತ್ತೇನೆ. ಬೇರು ಮಾತ್ರ ಪ್ರತಿ ಶುಕ್ರವಾರ ಕಳಿಸುತ್ತೇನೆ, ಸಾಯುವ ತನಕ. ಅದನ್ನು ಹೇಳಬೇಕು. ಅದಕ್ಕೆ ಮೊದಲು ಹೇಳಬೇಕಾದ್ದು—

ಬಾಗಿಲು. ಬಂದಳು. ಮೇಲಂಗಿ ಹಾಕಿದ್ದಾಳೆ. ಜಾಡಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಾಳೆ. ಬಿರಡೆ ಇಲ್ಲ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ—