ಮುರಗೋಡದ ತಂಗೆವ್ವ ಕೇಳಿದ್ದು

ಮಾರ್ಚ್ ೧೨, ಗುರುವಾರ

ತಂಗೆವ್ವನ ನಗು ಕಣ್ಣಿಂದ ಹೋಗುತ್ತಿಲ್ಲ. ಮುರಗೋಡದಲ್ಲಿ ಅವಳಿಗೆ ಎದೆನೋವು, ಅದೇ ಹೊತ್ತಿಗೆ ಕಿತ್ತೂರಿನ ಹೆದ್ದಾರಿಯಲ್ಲಿ ಅಪಘಾತ. ಕಂಟ್ರೋಲ್ ರೂಮಿನಲ್ಲಿ ನನ್ನ ಕೈಲಿದ್ದದ್ದು ಒಂದೇ ಆಂಬುಲೆನ್ಸ್. ಯಾರಿಗೆ ಮೊದಲು ಎಂದು ತೀರ್ಮಾನಿಸಲು ಎರಡೂ ಕಡೆ ವಿಡಿಯೊ ಕಾಲ್ ಹಚ್ಚಿಸಿದೆ. ಕಿತ್ತೂರಿನಲ್ಲಿ ರಕ್ತ ಕಂಡಿತು. ಮುರಗೋಡದಲ್ಲಿ ತಲೆ ತುಂಬ ಸೆರಗು ಹೊದ್ದು ನೆಟ್ಟಗೆ ಕೂತಿದ್ದ ಮುದುಕಿ ನನ್ನನ್ನು ನೋಡಿ ನಕ್ಕಳು. “ಊಟ ಆತೇನ ಯವ್ವಾ?” ಎಂದಳು.

ಇಷ್ಟು ಮಾತಾಡುತ್ತಾಳಲ್ಲ ಎಂದುಕೊಂಡು ಗಾಡಿಯನ್ನು ಕಿತ್ತೂರಿಗೆ ಕಳಿಸಿದೆ.

ಎರಡನೇ ಗಾಡಿ ಮುರಗೋಡ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಸೊಸೆ ಫೋನಿನಲ್ಲಿ ಅಳುತ್ತ ಹೇಳಿದಳು: “ಅತ್ತಿ ಏಳಾಕ ಆಗದ ಬಿದ್ದಿದ್ರರಿ. ಮೇಡಮ್ಮಾರು ನೋಡತಾರಂತ ನಾನ ಬೆವರ ಒರಿಸಿ, ಸೆರಗ ಹೊಚ್ಚಿ, ಎಬ್ಬಿಸಿ ಕುಂದ್ರಿಸಿದ್ನಿರಿ.”

ಮುಂದಿಟ್ಟುಕೊಂಡ ರೊಟ್ಟಿ ಆರಿ ಸೆಟೆದಿದೆ. ಇಲ್ಲ ಯವ್ವಾ, ಇನ್ನೂ ಆಗಿಲ್ಲ.