ಉಜ್ಜಿ ಕಳಿಸಿದ ಕಲ್ಲು

ಬಾಳ್ಳುಪೇಟೆ, ಸೋಮವಾರ

ದೀಪಶ್ರೀ ಮೇಡಮ್ಮೋರಿಗೆ ಕೆರೆ ನೀರುಗಂಟಿ ದ್ಯಾವಯ್ಯ ಮಾಡೋ ನಮಸ್ಕಾರ.

ನಮ್ಮ ಕೆರೆಯ ಸಾವಿರಾರು ವರ್ಷದ ಹೂಳಲ್ಲಿ ನೀವು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಚಿಪ್ಪಿನ ಪಾಚಿಗಳ್ನ ಜಾತಿ ಜಾತಿ ವಿಂಗಡಿಸ್ತಿದ್ದಾಗ ಒಂದು ಹೊಸಾ ಜಾತಿ ಸಿಕ್ತು, ಅದು ಈಗ್ಲೂ ಬದುಕೈತಾ ನೋಡ್ಬೇಕು, ಕೆರೆ ಒಳಗಿಂದ ಆರು ಕಲ್ಲು ಕಳ್ಸು ಅಂದಿದ್ರಿ. ಮೊನ್ನೆ ಫೋನಲ್ಲಿ, "ಕಲ್ಲಿನ ಲೋಳೇಲಿ ಇರ್ಬೇಕಿತ್ತು ದ್ಯಾವಯ್ಯ, ಒಂದೂ ಕಾಣ್ತಿಲ್ಲ. ಅಳಿದುಹೋಯ್ತು ಅಂತ ಬರೀತೀನಿ" ಅಂದ್ರಲ್ಲ, ದಯವಿಟ್ಟು ಬರೀಬೇಡಿ!

ಬೆಂಗಳೂರಿಗೆ ಹೋಗೋ ಕಲ್ಲು ಲೋಳೆ ಲೋಳೆ ಇದ್ರೆ ಊರ ಮರ್ಯಾದೆ ಏನಾಗ್ಬೇಕು ಅಂತ ನಾನೇ ತೆಂಗಿನ ನಾರಲ್ಲಿ ಉಜ್ಜಿ, ಒಣಗಿಸಿ ಕಳ್ಸಿಬುಟ್ಟಿದ್ದೆ. ಫೋನಲ್ಲಿ ಹೇಳೋಕೆ ನಾಚಿಕೆ ಆಯ್ತು. ನಮ್ಮನೆ ಇಂದ್ರಮ್ಮ, "ಮನೇಲಿ ಒಂದು ಲೋಟ ತೊಳೀದೋರು ಕೆರೆ ಕಲ್ಲು ತೊಳೆದ್ರಂತೆ ಕಣ್ರೀ!" ಅಂತ ಊರಿಗೆಲ್ಲ ಸಾರವ್ಳೆ.

ಅದೇ ಜಾಗದ್ದು ಬೇರೆ ಆರು ಕಲ್ಲು, ಕೆರೆ ನೀರಲ್ಲೇ ಮುಳುಗಿಸಿ, ಈ ಡಬ್ಬೀಲಿ ಬಸ್ಸಿಗೆ ಹಾಕಿದೀನಿ. ಈ ಸಲ ನಾನು ಕೈ ಕೂಡ ತೊಳೆದಿಲ್ಲ. ಒಂದೇ ಒಂದು ಪಾಚಿ ಕಂಡ್ರೂ ತಕ್ಷಣ ಫೋನ್ ಮಾಡಿ. ಅಷ್ಟು ವರ್ಷ ಬದುಕಿದ್ದನ್ನ ಒಂದು ಹಿಡಿ ನಾರಲ್ಲಿ ಮುಗಿಸ್ದೋನು ಅಂತ ನನ್ನ ಹೆಸರು ನಿಮ್ಮ ಪುಸ್ತಕ ಸೇರೋದು ಬೇಡ.

ಫೋನು ಜೇಬಲ್ಲೇ ಇಟ್ಕೊಂಡು ಕಾಯ್ತಿರೋ,
ದ್ಯಾವಯ್ಯ